ಮೌಂಟನ್ ಗೊರಿಲ್ಲಾ ಟ್ರೆಕ್: ಎಲ್ರೂ ಕೇಳ್ತಿರೋ ಪ್ರಶ್ನೆಗಳು, ಒಂದೇ ಕಡೆ ಉತ್ತರ

ಉಗಾಂಡಾದಿಂದ ವಾಪಸ್ ಬಂದು ನಾಲ್ಕು ಫೋಟೋ ಹಾಕಿದ್ದೇ ತಡ, ಕಾಲೇಜ್ ಫ್ರೆಂಡ್ಸಿಂದ ಹಿಡಿದು ಮೇಲಿನ ಮನೆ ಅಂಕಲ್ ತನಕ ಎಲ್ರದ್ದೂ ಅದೇ ಪ್ರಶ್ನೆಗಳು. ಒಬ್ಬೊಬ್ರಿಗೂ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಗಂಟಲು ಕಟ್ಟೋಗಿದೆ, ಅದಕ್ಕೇ ಇಲ್ಲಿ ಬರೆದು ಹಾಕ್ತಿದೀನಿ. ನಾನು ಹೋಗಿದ್ದು ಉಗಾಂಡಾದ ಬ್ವಿಂಡಿ ಕಾಡಿಗೆ, ಅದ್ರ ದಕ್ಷಿಣಕ್ಕಿರೋ ರುಶಾಗ ಅನ್ನೋ ಕಡೆಯಿಂದ. ರುವಾಂಡಾ ಟ್ರೆಕ್ ಬಗ್ಗೆ ಹೇಳಿರೋದು ಓದಿದ್ದು ಮತ್ತೆ ಅಲ್ಲಿಗೆ ಹೋಗಿಬಂದೋರ ಹತ್ರ ಕೂತು ಕೇಳಿದ್ದು.

ಗೊರಿಲ್ಲಾ ಮೈಸೂರು ಝೂನಲ್ಲೇ ಇದ್ಯಲ್ಲ ಮಾರಾಯ, ಅಷ್ಟು ದೂರ ಯಾಕೆ?

ಮೈಸೂರಲ್ಲಿ ಮೊದಲು ಪೋಲೋ ಅನ್ನೋ ಗೊರಿಲ್ಲಾ ಇದ್ದ, ವರ್ಷಗಟ್ಟಲೆ ಒಬ್ನೇ ಇದ್ದು 2014ರಲ್ಲಿ ತೀರ್ಕೊಂಡ. ಆಮೇಲೆ 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಅಂತ ಇಬ್ರು ಅಣ್ತಮ್ಮಂದಿರು ಬಂದ್ರು. ಅವೆಲ್ಲ ವೆಸ್ಟರ್ನ್ ಲೋಲ್ಯಾಂಡ್ ಗೊರಿಲ್ಲಾ, ಅಂದ್ರೆ ತಗ್ಗು ಪ್ರದೇಶದವು, ಆಫ್ರಿಕಾದ ಪಶ್ಚಿಮ ಭಾಗದವು. ಮೌಂಟನ್ ಗೊರಿಲ್ಲಾ ಬೇರೆ, ಮೈಮೇಲೆ ದಟ್ಟ ಉದ್ದ ಕೂದ್ಲು, ಚಳಿ ಬೆಟ್ಟದ ಪ್ರಾಣಿ. ಅದು ಪ್ರಪಂಚದ ಯಾವ ಝೂನಲ್ಲೂ ಇಲ್ಲ, ನೋಡ್ಬೇಕು ಅಂದ್ರೆ ಅದ್ರ ಮನೆಗೇ ಹೋಗ್ಬೇಕು.

ಒಟ್ಟು ಎಷ್ಟಿವೆ? ಎಲ್ಲೆಲ್ಲಿ?

ಕಳೆದ ಎಣಿಕೆ ಪ್ರಕಾರ 1063. ಎರಡೇ ಎರಡು ಜಾಗ. ಒಂದು ವಿರುಂಗ ಜ್ವಾಲಾಮುಖಿ ಸಾಲು, ರುವಾಂಡಾ, ಉಗಾಂಡಾ, ಕಾಂಗೋ ಮೂರೂ ದೇಶ ಸೇರೋ ಮೂಲೆ, ಅಲ್ಲಿ 604 (2015-16ರಲ್ಲಿ ಎಣಿಸಿದ್ದು). ಇನ್ನೊಂದು ಬ್ವಿಂಡಿ ಮತ್ತೆ ಅದಕ್ಕೆ ಅಂಟಿಕೊಂಡಿರೋ ಕಾಂಗೋದ ಸರಾಂಬ್ವೆ, ಅಲ್ಲಿ 459 (2018). ಕಮ್ಮಿ ಅನ್ಸತ್ತೆ, ಆದ್ರೆ 1981ರಲ್ಲಿ ವಿರುಂಗದಲ್ಲಿ ಉಳಿದಿದ್ದಿದ್ದು ಬರೀ 254 ಚಿಲ್ಲರೆ ಅಂತ ಅಂದಾಜು. 2018ರಲ್ಲಿ ಇದನ್ನ ಅಳಿವಿನ 'ತೀವ್ರ ಅಪಾಯ'ದ ಪಟ್ಟಿಯಿಂದ 'ಅಪಾಯ'ದ ಪಟ್ಟಿಗೆ ಇಳಿಸಿದ್ರು. ದೊಡ್ಡ ಕಾಡುಪ್ರಾಣಿಗಳಲ್ಲಿ ಈ ಥರ ಒಳ್ಳೆ ಸುದ್ದಿ ಅಪರೂಪ.

ರುವಾಂಡಾನಾ, ಉಗಾಂಡಾನಾ?

ದುಡ್ಡಿದ್ದು ಟೈಮ್ ಇಲ್ಲದೋರಿಗೆ ರುವಾಂಡಾ, ಟೈಮ್ ಇದ್ದು ದುಡ್ಡು ಲೆಕ್ಕ ಹಾಕೋರಿಗೆ ಉಗಾಂಡಾ. ಇಷ್ಟೇ ನನ್ನ ಉತ್ತರ, ಆದ್ರೂ ಸ್ವಲ್ಪ ಬಿಡಿಸಿ ಹೇಳ್ತೀನಿ.

ರುವಾಂಡಾದಲ್ಲಿ ಪರ್ಮಿಟ್ 1500 ಡಾಲರ್. 2017ರ ತನಕ 750 ಇತ್ತು, ಒಂದೇ ಸಲ ಡಬಲ್ ಮಾಡಿದ್ರು. ಉಗಾಂಡಾದಲ್ಲಿ ನಮ್ಮಂಥ ಹೊರಗಿನೋರಿಗೆ 800. ಅಂದ್ರೆ ತಲೆಗೆ ಹತ್ತತ್ರ ಎಪ್ಪತ್ತು ಸಾವಿರ ರೂಪಾಯಿ, ಅದೂ ಒಂದೇ ದಿನಕ್ಕೆ, ಅದೂ ಗೊರಿಲ್ಲಾ ಮುಂದೆ ನಿಲ್ಲೋದು ಒಂದೇ ಗಂಟೆ. ರುವಾಂಡಾ ಅನುಕೂಲ ಏನಪ್ಪಾ ಅಂದ್ರೆ ಕಿಗಾಲಿಯಲ್ಲಿ ವಿಮಾನ ಇಳಿದ್ರೆ ಗೊರಿಲ್ಲಾ ಪಾರ್ಕ್ ಪಕ್ಕದ ಮುಸಾಂಜೆ ಪಟ್ಟಣಕ್ಕೆ ಎರಡೂವರೆ ಮೂರು ಗಂಟೆ, ರೋಡ್ ಬೆಣ್ಣೆ ಥರ. ಉಗಾಂಡಾದಲ್ಲಿ ಎಂಟೆಬೆ ಏರ್‌ಪೋರ್ಟಿಂದ ಬ್ವಿಂಡಿಗೆ ಎಂಟರಿಂದ ಹತ್ತು ಗಂಟೆ ಕಾರಲ್ಲೇ, ಕೊನೇ ಭಾಗ ಕೆಮ್ಮಣ್ಣಿನ ರೋಡು, ಹಿಂದಿನ ಸೀಟಲ್ಲಿ ಕೂತ್ರೆ ಸೊಂಟದ ಕಥೆ ಮುಗೀತು. ಜಾಣತನ ಏನಂದ್ರೆ ಕಿಗಾಲಿಗೆ ಇಳಿದು ಗಡಿ ದಾಟಿ ಉಗಾಂಡಾದ ರುಶಾಗ ಕಡೆ ಹೋಗೋದು, ನಾಲ್ಕೈದು ಗಂಟೇಲಿ ಮುಗಿಯತ್ತೆ, ಪರ್ಮಿಟ್ಟೂ ಕಮ್ಮಿ ರೇಟಿಂದು. ಗಡಿ ದಾಟಿದ ತಕ್ಷಣ ಗಾಡಿಗಳು ಬಲಗಡೆಯಿಂದ ಎಡಗಡೆಗೆ ಬರ್ತವೆ, ಉಗಾಂಡಾದಲ್ಲಿ ನಮ್ಮ ಥರಾನೇ ಎಡಕ್ಕೆ ಓಡ್ಸೋದು.

ಫೋಟೋ ಲೆಕ್ಕದಲ್ಲಿ ರುವಾಂಡಾ ಸ್ವಲ್ಪ ಮೇಲು, ಅಲ್ಲಿ ಬಿದಿರು ಕಾಡು, ಬಯಲು ಜಾಸ್ತಿ, ಬೆಳಕು ಬರತ್ತೆ. ಬ್ವಿಂಡಿಯ ಇಂಗ್ಲಿಷ್ ಹೆಸ್ರಲ್ಲೇ 'ಒಳಗೆ ನುಗ್ಗೋಕಾಗದ ಕಾಡು' ಅಂತಿದೆ, ಸುಮ್ನೆ ಇಟ್ಟಿಲ್ಲ ಆ ಹೆಸ್ರು.

ಕಾಂಗೋದಲ್ಲಿ ಇನ್ನೂ ಕಮ್ಮಿ ರೇಟಂತೆ?

ಅಲ್ಲಿ ಆ ಭಾಗದಲ್ಲಿ ಯುದ್ಧ ನಡೀತಿರತ್ತೆ. ರೇಂಜರ್‌ಗಳೇ ಜೀವ ಕಳ್ಕೊಂಡಿದಾರೆ. ಬೇಡ.

ಒಂದು ಗಂಟೆಗೆ ಎಪ್ಪತ್ತು ಸಾವಿರ! ಯಾರ ಜೇಬಿಗೆ ಹೋಗತ್ತೆ?

ನಂಗೂ ಮೊದಲು ಉರೀತು. ಆದ್ರೆ ಲೆಕ್ಕ ನೋಡಿ. ಕಾಡು ಗೊರಿಲ್ಲಾ ಮನುಷ್ಯನ್ನ ನೋಡಿದ್ರೆ ಓಡೋಗತ್ತೆ ಇಲ್ಲ ನುಗ್ಗತ್ತೆ. ಅದನ್ನ ಮನುಷ್ಯರಿಗೆ ರೂಢಿ ಮಾಡ್ಸೋಕೆ ಟ್ರ್ಯಾಕರ್‌ಗಳು ದಿನಾ ಹೋಗಿ ದೂರದಲ್ಲಿ ಕೂತು ಎದ್ದು ಬರ್ಬೇಕು, ಎರಡು ವರ್ಷಕ್ಕೂ ಜಾಸ್ತಿ ಹಿಡಿಯತ್ತೆ ಒಂದು ಗುಂಪಿಗೆ. ಹಂಗೆ ರೂಢಿಯಾದ ಒಂದು ಗುಂಪಿಗೆ ದಿನಕ್ಕೆ ಒಂದೇ ತಂಡ, ತಂಡಕ್ಕೆ ಎಂಟೇ ಜನ. ಟ್ರ್ಯಾಕರ್, ಗೈಡ್, ಗಾರ್ಡ್, ಕಾಡಿಗೇ ಹೋಗಿ ಔಷಧಿ ಕೊಡೋ ಗೊರಿಲ್ಲಾ ಡಾಕ್ಟರ್‌ಗಳು, ಎಲ್ಲಾ ಸೇರಿ ನಡೀಬೇಕು. ಅಕ್ಕಪಕ್ಕದ ಊರುಗಳಿಗೂ ಪಾಲು ಹೋಗತ್ತೆ, ರುವಾಂಡಾದಲ್ಲಿ ಪಾರ್ಕ್ ಆದಾಯದ 10 ಪರ್ಸೆಂಟು, ಉಗಾಂಡಾದಲ್ಲಿ ಪ್ರತಿ ಗೊರಿಲ್ಲಾ ಪರ್ಮಿಟ್ಟಿಂದ 10 ಡಾಲರ್. 800ರಲ್ಲಿ 10 ಅಂದ್ರೆ ಏನೂ ಅಲ್ಲ, ಅದು ನನ್ನ ತಕರಾರು, ಅಲ್ಲಿನ ಊರೋರದ್ದೂ ಹೌದು.

ಕೋವಿಡ್‌ನಲ್ಲಿ ಟೂರಿಸ್ಟ್ ನಿಂತಾಗ ಏನಾಯ್ತು ಗೊತ್ತಾ, 2020ರ ಜೂನಲ್ಲಿ ಬ್ವಿಂಡಿಯ ನ್ಕುರಿಂಗೋ ಅನ್ನೋ ಗೊರಿಲ್ಲಾ ಗುಂಪಿನ ಯಜಮಾನ ರಫೀಕಿ ಅನ್ನೋ ಗೊರಿಲ್ಲಾನ ಒಬ್ಬ ಬೇಟೆಗಾರ ಈಟಿಯಿಂದ ಚುಚ್ಚಿ ಸಾಯ್ಸಿದ. ಸಣ್ಣ ಪ್ರಾಣಿ ಹಿಡಿಯೋಕೆ ಹೋಗಿದ್ದೆ, ಅದು ಮೇಲೆ ಬಂತು ಅಂದನಂತೆ. ಹನ್ನೊಂದು ವರ್ಷ ಜೈಲಾಯ್ತು.

ಅಷ್ಟು ದುಡ್ಡು ಕೊಟ್ಟು ಹೋಗಿ ಗೊರಿಲ್ಲಾ ಕಾಣ್ಲಿಲ್ಲ ಅಂದ್ರೆ?

ನಾಗರಹೊಳೆ, ಕಬಿನಿ ಸಫಾರಿ ಲೆಕ್ಕದಲ್ಲಿ ಯೋಚ್ನೆ ಮಾಡ್ಬೇಡಿ. ಅಲ್ಲಿ ಹುಲಿ ಕಾಣೋದು ಹಣೆಬರಹ. ಇಲ್ಲಿ ಟ್ರ್ಯಾಕರ್‌ಗಳು ಬೆಳಗಾಗೋ ಮುಂಚೇನೇ ಹೊರಡ್ತಾರೆ, ಗೊರಿಲ್ಲಾ ದಿನಾ ರಾತ್ರಿ ಸೊಪ್ಪು ಮಡಚಿ ಹೊಸ ಗೂಡು ಮಾಡ್ಕೊಂಡು ಮಲಗತ್ತೆ, ಆ ಗೂಡಿಂದ ಹೆಜ್ಜೆ ಹಿಡಿದು ಗುಂಪು ಎಲ್ಲಿದೆ ಅಂತ ವೈರ್‌ಲೆಸ್‌ನಲ್ಲಿ ಹೇಳ್ತಾರೆ. ನಾವು ಹೊರಡೋ ಹೊತ್ತಿಗೆ ಜಾಗ ಹೆಚ್ಚುಕಮ್ಮಿ ಗೊತ್ತಾಗಿರತ್ತೆ. ಕಾಣದೇ ಬರೋದು ತುಂಬಾ ಅಪರೂಪ. ಕಾಣತ್ತೆ, ಆದ್ರೆ ಎಷ್ಟು ನಡೆದ್ಮೇಲೆ ಅನ್ನೋದೇ ಪ್ರಶ್ನೆ. ಅರ್ಧ ಗಂಟೆ ಆಗ್ಬಹುದು, ಆರು ಗಂಟೆಯೂ ಆಗ್ಬಹುದು.

ಪರ್ಮಿಟ್ ಯಾವಾಗ ತಗೋಬೇಕು?

ಜೂನಿಂದ ಸೆಪ್ಟೆಂಬರ್ ಅಂದ್ರೆ ನಾಲ್ಕೈದು ತಿಂಗಳು ಮುಂಚೆ. ಪಾಸ್‌ಪೋರ್ಟ್ ನಂಬರ್ ಮೇಲೆ ಕೊಡ್ತಾರೆ, ಬೇರೆಯೋರಿಗೆ ವರ್ಗ ಮಾಡೋಕಾಗಲ್ಲ. ಮೊದಲು ಪರ್ಮಿಟ್, ಆಮೇಲೆ ಫ್ಲೈಟ್. ನಾವು ಉಲ್ಟಾ ಮಾಡಿ ಟಿಕೆಟ್ ತಗೊಂಡು ಕೂತ್ವಿ, ನಾವು ಹೇಳಿದ ದಿನಕ್ಕೆ ಪರ್ಮಿಟ್ ಖಾಲಿ, ಟಿಕೆಟ್ ಡೇಟ್ ಬದಲಾಯ್ಸೋಕೆ ಕೊಟ್ಟ ದುಡ್ಡಲ್ಲಿ ಒಳ್ಳೆ ರೇನ್‌ಕೋಟ್ ಬರ್ತಿತ್ತು. ಇನ್ನೊಂದು, ಅಲ್ಲೇ ಕಂಪಾಲಾ, ಕಿಗಾಲಿಲಿ ಕೆಲ್ಸ ಮಾಡ್ಕೊಂಡಿರೋ ನಮ್ಮೋರು ಇದ್ರೆ ಅವ್ರಿಗೆ ರೆಸಿಡೆಂಟ್ ರೇಟ್ ಬೇರೆ ಇದೆ, ಕೇಳಿ.

ಕುಮಾರಪರ್ವತ ಹತ್ತಿದೀನಿ, ಸಾಕಾ?

ಸಾಕು, ಆದ್ರೆ ಇದು ಬೇರೆ ಥರದ ಕಷ್ಟ. ಕುಮಾರಪರ್ವತದಲ್ಲಿ ದಾರಿ ಅಂತ ಒಂದಿದೆ. ಇಲ್ಲಿ ಮೊದಲ ಒಂದು ಗಂಟೆ ದಾರಿ, ಆಮೇಲೆ ಗೈಡ್ ಮಚ್ಚಿಂದ ಬಳ್ಳಿ ಕಡ್ಕೊಂಡು ಹೋದದ್ದೇ ದಾರಿ. ಕಾಲು ಇಡೋದು ನೆಲದ ಮೇಲಲ್ಲ, ಹೆಣ್ಕೊಂಡಿರೋ ಬಳ್ಳಿ ಮೇಲೆ, ಅದ್ರ ಕೆಳಗೆ ಒಂದಡಿ ಇದ್ಯೋ ನಾಲ್ಕಡಿ ಇದ್ಯೋ ಕಾಲು ಒಳಗೋದಾಗ್ಲೇ ಗೊತ್ತಾಗೋದು. ಎತ್ತರನೂ ನೆನಪಿರ್ಲಿ, ನಮ್ಮ ಮುಳ್ಳಯ್ಯನಗಿರಿ ತುದಿನೇ 1930 ಮೀಟರ್, ರುವಾಂಡಾದ ಪಾರ್ಕ್ ಶುರು ಆಗೋದೇ ಹತ್ತತ್ರ 2400 ಮೀಟರಲ್ಲಿ. ಏದುಸಿರು ಬರತ್ತೆ, ಜಿಮ್‌ಗೆ ಹೋಗೋರಿಗೂ ಬರತ್ತೆ.

ಬೆಳಿಗ್ಗೆ ಬ್ರೀಫಿಂಗ್ ಟೈಮಲ್ಲಿ ಯಾರಿಗೆ ಯಾವ ಗೊರಿಲ್ಲಾ ಗುಂಪು ಅಂತ ಹಂಚ್ತಾರೆ. ಮಂಡಿ ನೋವು ಇದೆ, ವಯಸ್ಸಾಗಿದೆ ಅಂದ್ರೆ ಆಗ್ಲೇ ನಾಚ್ಕೆ ಬಿಟ್ಟು ಹೇಳಿ, ಹತ್ರದ ಗುಂಪು ಕೊಡೋಕೆ ನೋಡ್ತಾರೆ.

ಪೋರ್ಟರ್ ಬೇಕಾ? ನನ್ನ ಬ್ಯಾಗ್ ನಾನೇ ಹೊರ್ತೀನಿ.

ನಾನೂ ಇದೇ ಡೈಲಾಗ್ ಹೊಡೆದಿದ್ದೆ. ಪುಣ್ಯಕ್ಕೆ ಜೊತೇಲಿದ್ದ ನನ್ ಹೆಂಡ್ತಿ ಕೇಳ್ಲಿಲ್ಲ, ಇಬ್ರಿಗೂ ಒಬ್ಬೊಬ್ರನ್ನ ಮಾಡಿದ್ಲು. 15-20 ಡಾಲರ್ ಕೊಡ್ಬೇಕು, ಮೇಲೆ ಟಿಪ್ಸು. ನಂಗೆ ಸಿಕ್ಕಿದ್ದು ಪಕ್ಕದ ಊರಿನ ಒಬ್ರು ಅಕ್ಕ, ಗಂಬೂಟ್ ಹಾಕ್ಕೊಂಡು ನನ್ನ ಒಂಬತ್ತು ಕೆಜಿ ಬ್ಯಾಗ್ ಬೆನ್ನಿಗೆ ಏರಿಸ್ಕೊಂಡು ಆರಾಮಾಗಿ ನಡೀತಿದ್ರು. ಇಳಿಜಾರಲ್ಲಿ ನಾನು ಎರಡು ಸಲ ಜಾರಿದಾಗ ಮುಂದೆ ನೋಡ್ಕೊಂಡೇ ಹಿಂದಕ್ಕೆ ಕೈ ಚಾಚಿ ಮಣಿಕಟ್ಟು ಹಿಡಿದ್ರು, ತಿರುಗೂ ನೋಡ್ಲಿಲ್ಲ, ಅಷ್ಟು ಅಭ್ಯಾಸ. ಮೂರನೇ ಸಲ ಜಾರಿದಾಗ ಮಾತ್ರ ನಕ್ಕುಬಿಟ್ರು. ಆ ದುಡ್ಡು ನೇರ ಅವ್ರ ಕೈಗೇ ಹೋಗತ್ತೆ, ಪರ್ಮಿಟ್ಟಿನ 10 ಡಾಲರ್ ಥರ ಸುತ್ತಾಡಿ ಬರಲ್ಲ.

ನಡೆಯೋಕೇ ಆಗದೋರಿಗೆ ಡೋಲಿ ವ್ಯವಸ್ಥೆ ಇದೆ, ತಂಡ ಕಟ್ಕೊಂಡು ಹೊತ್ಕೊಂಡು ಹೋಗ್ತಾರೆ, ಅದಕ್ಕೆ ಅಲ್ಲಿಯೋರು 'ಹೆಲಿಕಾಪ್ಟರ್' ಅಂತಾರೆ. ಮೊದಲೇ ಹೇಳಿ ಬುಕ್ ಮಾಡ್ಬೇಕು, ರೇಟ್ ಜಾಸ್ತಿ.

ಏನು ಹಾಕ್ಕೊಂಡು ಹೋಗ್ಬೇಕು? ಉಂಬಳ ಇದ್ಯಾ?

ನಮ್ಮ ಮಲೆನಾಡಿನ ಉಂಬಳದ ಥರ ಕಾಟ ನಂಗೆ ಆಗ್ಲಿಲ್ಲ, ಅದ್ರ ಬದ್ಲು ಇರುವೆ. ಸಿಯಾಫು ಅಂತಾರೆ, ಸಾಲುಗಟ್ಟಿ ಹೋಗೋ ಇರುವೆ, ಪ್ಯಾಂಟ್ ಒಳಗೆ ಹತ್ತಿದ್ರೆ ಮರ್ಯಾದೆ ನೋಡದೇ ಅಲ್ಲೇ ಪ್ಯಾಂಟ್ ಬಿಚ್ಚೋ ಪರಿಸ್ಥಿತಿ. ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸ್ಕೊಳ್ಳಿ. ಆಮೇಲೆ ತುರಿಕೆ ಸೊಪ್ಪು, ಎತ್ತರದ ಗಿಡ, ಬಟ್ಟೆ ಮೇಲಿಂದಾನೂ ಚುಚ್ಚತ್ತೆ. ತೋಟದ ಕೆಲ್ಸಕ್ಕೆ ಹಾಕೋ ಗ್ಲೌಸ್ ತಗೊಂಡೋಗಿ, ಹಾರ್ಡ್‌ವೇರ್ ಅಂಗಡೀಲಿ ಸಿಗೋ ಅಗ್ಗದ್ದು ಸಾಕು. ತುಂಬು ತೋಳಿನ ಅಂಗಿ, ಗ್ರಿಪ್ ಇರೋ ಶೂ, ಮಳೆ ಜಾಕೆಟ್. ಜೀನ್ಸ್ ಬೇಡ, ನೆಂದ್ರೆ ಎರಡು ಕೆಜಿ ಆಗತ್ತೆ.

ರುವಾಂಡಾಗೆ ಹೋಗೋರು ನಮ್ಮ ಅಭ್ಯಾಸದ ಪ್ಲಾಸ್ಟಿಕ್ ಕವರ್‌ಗಳನ್ನ ಮನೇಲೇ ಬಿಟ್ಟೋಗಿ. 2008ರಿಂದ ಅಲ್ಲಿ ಬ್ಯಾನ್, ಏರ್‌ಪೋರ್ಟಲ್ಲೇ ಕಿತ್ಕೋತಾರೆ. ಒದ್ದೆ ಬಟ್ಟೆಗೆ, ಚಪ್ಪಲಿಗೆ ಬಟ್ಟೆ ಚೀಲ ಇಟ್ಕೊಳ್ಳಿ.

ಯಾವ ತಿಂಗಳು?

ಜೂನಿಂದ ಸೆಪ್ಟೆಂಬರ್, ಇಲ್ಲ ಡಿಸೆಂಬರಿಂದ ಫೆಬ್ರವರಿ. ಒಣ ಸೀಸನ್ ಅಂತಾರೆ, ಆದ್ರೂ ಮಳೆ ಕಾಡು, ಯಾವಾಗ ಬೇಕಾದ್ರೂ ಸುರಿಯತ್ತೆ. ಮಾರ್ಚಿಂದ ಮೇ ಜೋರು ಮಳೆ.

ಯಾವ ಲೆನ್ಸ್ ತಗೊಂಡೋಗ್ಲಿ? 600 ಎಂಎಂ ಬಾಡಿಗೆಗೆ ತಗೊಳ್ಲಾ?

ದಯವಿಟ್ಟು ಬೇಡ. ಕಬಿನಿಗೆ ಹೋಗೋ ಲೆಕ್ಕದಲ್ಲಿ ಫಿರಂಗಿ ಸೈಜ್ ಲೆನ್ಸ್ ಹೊತ್ಕೊಂಡು ಬಂದಿದ್ದ ಒಬ್ರು ನಮ್ಮ ತಂಡದಲ್ಲೇ ಇದ್ರು, ಅವ್ರಿಗೆ ಸಿಕ್ಕಿದ್ದು ಬರೀ ಮೂಗು. ನಿಯಮ ಹತ್ತು ಮೀಟರ್ ದೂರ, ಆದ್ರೆ ಆ ನಿಯಮ ಗೊರಿಲ್ಲಾಗೆ ಗೊತ್ತಿಲ್ಲ, ಅವೇ ಹತ್ರ ಬರ್ತವೆ. 70-200 ಎಫ್ 2.8 ಇದ್ರೆ ಅದೇ ಬೆಸ್ಟು. ಇಲ್ಲಾಂದ್ರೆ 24-105. ಎರಡು ಕ್ಯಾಮೆರಾ ಬಾಡಿ ಇದ್ರೆ ಒಂದೊಂದಕ್ಕೆ ಒಂದೊಂದು ಹಾಕಿ, ಒಂದೇ ಬಾಡಿ ಇದ್ರೆ ಒಂದೇ ಲೆನ್ಸು, ಅಲ್ಲಿ ಬದಲಾಯ್ಸೋಕೆ ಹೋಗ್ಬೇಡಿ, ಮಂಜು, ಕೆಸರು, ಬೆವರು, ಎಲ್ಲಾ ಸೆನ್ಸರ್ ಮೇಲೆ ಹೋಗತ್ತೆ. ಟ್ರೈಪಾಡ್ ಇಡೋಕೆ ಜಾಗಾನೂ ಇಲ್ಲ ಟೈಮೂ ಇಲ್ಲ.

ಸೆಟ್ಟಿಂಗ್ಸ್ ಹೇಳಿ ಬಾಸ್.

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನಾನು ಇಲ್ಲೇ ಎಡವಿದ್ದು.

ಸಮಸ್ಯೆ ಏನು ಅಂದ್ರೆ ಕಪ್ಪು ಪ್ರಾಣಿ, ಕತ್ತಲೆ ಕಾಡು, ಹಿಂದುಗಡೆ ಎಲೆ ಸಂದಿಯಿಂದ ಬಿಳಿ ಆಕಾಶ. ಕ್ಯಾಮೆರಾ ಮೀಟರ್‌ಗೆ ಕಪ್ಪು ಕಂಡ್ರೆ ಅದನ್ನ ಬೂದಿ ಬಣ್ಣಕ್ಕೆ ತರೋ ಚಟ. ಗೊರಿಲ್ಲಾ ಫ್ರೇಮ್ ತುಂಬಿದ್ರೆ ಕೂದಲು ಬೂದು ಬಣ್ಣ ಆಗೋಗತ್ತೆ, ಸುತ್ತ ಇರೋ ಎಲೆ ಸುಟ್ಟು ಬಿಳಿ ಆಗತ್ತೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋ ಎಷ್ಟು ಬೆಳ್ಳಗೆ, ಕಪ್ಪಗೆ ಬರ್ಬೇಕು ಅಂತ ಹೇಳೋ ಸೆಟ್ಟಿಂಗ್) ಮೈನಸ್ ಮುಕ್ಕಾಲಿಂದ ಮೈನಸ್ ಒಂದು ಇಟ್ಟು ನೋಡಿ, ರಾ ಫಾರ್ಮ್ಯಾಟಲ್ಲೇ ತೆಗೀರಿ, ಮುಖದ ನೆರಳನ್ನ ಆಮೇಲೆ ಮನೇಲಿ ಎತ್ಕೋಬಹುದು. ಅದೇ ಹಿಂದೆ ಆಕಾಶ ಜಾಸ್ತಿ ಇದ್ರೆ ಲೆಕ್ಕ ಉಲ್ಟಾ, ಪ್ಲಸ್ ಮಾಡ್ಬೇಕು, ಇಲ್ಲಾಂದ್ರೆ ಮುಖ ಮಸಿ ಉಂಡೆ. ಶಟರ್ 1/250ಕ್ಕಿಂತ ಕೆಳಗೆ ಇಳಿಸ್ಬೇಡಿ, ಮರಿಗಳಿದ್ರೆ 1/500. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, 6400 ಹೋದ್ರೂ ಹೆದರ್ಬೇಡಿ, ಕಾಳು ಕಾಳು ಬಂದ್ರೆ ಸರಿ ಮಾಡ್ಬಹುದು, ಅಲುಗಾಡಿದ ಫೋಟೋನ ಯಾವ ದೇವ್ರೂ ಸರಿ ಮಾಡಲ್ಲ. ಕಣ್ಣು ಹಿಡಿಯೋ ಆಟೋಫೋಕಸ್‌ನ ನಂಬ್ಬೇಡಿ, ಮುಂದೆ ಇರೋ ಎಲೇನ ಹಿಡ್ಕೊಂಡು ಕೂರತ್ತೆ, ಸಿಂಗಲ್ ಪಾಯಿಂಟ್ ಇಟ್ಟು ಹುಬ್ಬಿನ ಮೇಲೆ ಇಡಿ.

ನಾನು ಮಾಡಿದ ತಪ್ಪು: ಬೆಳಿಗ್ಗೆ ಕಣಿವೆ ಮೇಲೆ ಮಂಜು ಚೆನ್ನಾಗಿತ್ತು ಅಂತ ಶಟರ್ 1/60ಗೆ ಇಳಿಸಿ ಆರಾಮಾಗಿ ಫೋಟೋ ತೆಗೆದೆ, ವಾಪಸ್ ಏರಿಸೋದು ಮರ್ತೆ. ಗೊರಿಲ್ಲಾ ಮುಂದೆ ಕೈ ನಡುಗ್ತಿತ್ತು ಬೇರೆ. ಮೊದಲ ಹದಿನೈದು ನಿಮಿಷದ ಫೋಟೋ ಎಲ್ಲಾ ಕಪ್ಪು ಕಂಬಳಿ ಒಗೆದು ಒಣಗಿಹಾಕಿದಂಗೆ ಇದೆ. ಬ್ಯಾಗ್ ಕೆಳಗಿಡಿ ಅಂತ ಗೈಡ್ ಹೇಳ್ತಾರಲ್ಲ, ಆ ಎರಡು ನಿಮಿಷದಲ್ಲಿ ಒಂದು ಸಲ ಸೆಟ್ಟಿಂಗ್ ನೋಡ್ಕೊಳ್ಳಿ. ಫ್ಲ್ಯಾಶ್ ಕಡ್ಡಾಯ ಆಫ್, ಫೋಕಸ್‌ಗೆ ಬಿಡೋ ಕೆಂಪು ಲೈಟೂ ಆಫ್.

ಮೊಬೈಲಲ್ಲಿ ಬರತ್ತಾ?

ಬರತ್ತೆ, ಚೆನ್ನಾಗೇ ಬರತ್ತೆ. ನಮ್ಮ ಮನೇಲಿ ಫ್ರೇಮ್ ಹಾಕ್ಸಿರೋ ಫೋಟೋ ನನ್ ಹೆಂಡ್ತಿ ಮೊಬೈಲಿಂದು. ನಾನು ಈ ವಿಷ್ಯ ಜಾಸ್ತಿ ಎಲ್ಲೂ ಹೇಳಲ್ಲ.

ಡ್ರೋನ್?

ತಗೊಂಡೇ ಹೋಗ್ಬೇಡಿ.

ಆ ಒಂದು ಗಂಟೇಲಿ ನಿಜವಾಗ್ಲೂ ಏನಾಗತ್ತೆ?

ಮೊದಲು ವಾಸ್ನೆ ಬರತ್ತೆ. ಬೆವರು, ಕೊಟ್ಟಿಗೆ, ಹಸಿ ಸೊಪ್ಪು ಎಲ್ಲಾ ಸೇರಿದ ಥರ. ಟ್ರ್ಯಾಕರ್‌ಗಳು ಸಿಕ್ತಾರೆ, ಕೋಲು, ಬ್ಯಾಗು, ತಿಂಡಿ ಎಲ್ಲಾ ಅಲ್ಲೇ ಪೋರ್ಟರ್ ಹತ್ರ ಬಿಟ್ಟು ಮಾಸ್ಕ್ ಹಾಕ್ಕೊಂಡು ಬರೀ ಕ್ಯಾಮೆರಾ ಹಿಡ್ಕೊಂಡು ಹೋಗ್ಬೇಕು. ಗೈಡ್ ಗಂಟಲಿಂದ ಒಂಥರಾ 'ಹ್ಮ್... ಹ್ಮ್ಮ್' ಅಂತ ಶಬ್ದ ಮಾಡ್ತಾರೆ, ಗಂಟಲು ಸರಿ ಮಾಡ್ಕೊಂಡಂಗೆ. ನಾವೇ ಬಂದಿರೋದು, ತಲೆ ಕೆಡಿಸ್ಕೋಬೇಡಿ ಅಂತ ಅರ್ಥ. ಪೊದೆ ಒಳಗಿಂದ ಅದೇ ಶಬ್ದದಲ್ಲಿ ಉತ್ರ ಬಂತು ನೋಡಿ, ನಂಗೆ ಅಲ್ಲೇ ಮೈ ಝುಂ ಅಂತು.

ಸಿಲ್ವರ್‌ಬ್ಯಾಕ್ ಇಳಿಜಾರಲ್ಲಿ ಬೆನ್ನು ಮಾಡಿ ಕೂತಿತ್ತು. ಗಂಡಿಗೆ ಹನ್ನೆರಡು ಹದಿಮೂರು ವರ್ಷ ಆದ್ಮೇಲೆ ಬೆನ್ನು ಬೆಳ್ಳಗಾಗತ್ತೆ, ಅದಕ್ಕೇ ಆ ಹೆಸ್ರು. ಫೋಟೋದಲ್ಲಿ ಬರದೇ ಇರೋದು ಆ ಬೆನ್ನಿನ ಅಗಲ. ಒಂದು ಕಾಂಡ ಕಿತ್ಕೊಂಡು, ಸಿಪ್ಪೆ ಹಲ್ಲಿಂದ ಸೀಳಿ ಪಕ್ಕಕ್ಕೆ ಹಾಕಿ, ಒಳಗಿನ ತಿರುಳನ್ನ ಕಟಂ ಕಟಂ ಅಂತ ತಿಂತಿತ್ತು, ನಮ್ಮ ಮಂಡ್ಯ ಕಡೆ ಗದ್ದೆ ಬದುವಲ್ಲಿ ಕೂತು ಕಬ್ಬು ತಿನ್ನೋ ತಾತನ ಥರಾನೇ. ಕೈ ನೋಡಿದೆ. ಉಗುರು ನಮ್ಮದೇ, ಬೆರಳ ಗಂಟಿನ ಸುಕ್ಕು ನಮ್ಮದೇ, ಹೆಬ್ಬೆರಳ ಉಗುರಿನ ಸಂದಿಯಲ್ಲಿ ಮಣ್ಣು ಕೂತಿತ್ತು. ಮೂಗಿನ ಮೇಲಿನ ಗೆರೆ ಪ್ರತಿಯೊಂದಕ್ಕೂ ಬೇರೆ ಬೇರೆ, ಹೆಬ್ಬೆಟ್ಟಿನ ಗುರುತು ಇದ್ದಂಗೆ, ಟ್ರ್ಯಾಕರ್‌ಗಳು ಅದ್ರಿಂದಾನೇ ಹೆಸ್ರು ಹಿಡಿದು ಕರೀತಾರೆ.

ಒಂದು ಮರಿ ಬಳ್ಳಿ ಹಿಡ್ಕೊಂಡು ತೂಗಾಡ್ತಾ ಎರಡು ಕಾಲಲ್ಲಿ ನಿಂತು ಎದೆ ಬಡ್ಕೊಂಡಿತು, ಬ್ಯಾಲೆನ್ಸ್ ತಪ್ಪಿ ಹಿಂದಕ್ಕೆ ಬಿತ್ತು. ಯಾರೂ ಕ್ಲಿಕ್ ಮಾಡ್ಲಿಲ್ಲ, ಎಲ್ರೂ ಮಾಸ್ಕ್ ಒಳಗೆ ನಗ್ತಿದ್ರು. ಹತ್ತು ನಿಮಿಷ ಇದೆ ಅಂದಾಗ ನಾನು ಕ್ಯಾಮೆರಾ ಕತ್ತಿಗೆ ನೇತಾಕಿ ಸುಮ್ನೆ ಕೂತೆ. ನನ್ನ ಸಲಹೆ ಕೇಳೋದಾದ್ರೆ ಕೊನೆ ಹತ್ತಲ್ಲ, ಮೊದಲ ಹತ್ತು ನಿಮಿಷ ಹಂಗೆ ಕೂರಿ. ಕೈ ನಡುಕ ನಿಲ್ಲತ್ತೆ, ಯಾವ್ದು ಎಲ್ಲಿ ಕೂತಿದೆ, ಬೆಳಕು ಎಲ್ಲಿಂದ ಬರ್ತಿದೆ ಗೊತ್ತಾಗತ್ತೆ, ಆಮೇಲೆ ತೆಗೆದ ಇಪ್ಪತ್ತು ಫೋಟೋ ಮೊದಲ ಇನ್ನೂರಕ್ಕಿಂತ ಚೆನ್ನಾಗಿರತ್ತೆ.

ಮೇಲೆ ಬಿದ್ರೆ?

ಓಡ್ಬೇಡಿ. ಕೆಳಗೆ ಕುಕ್ಕರಗಾಲಲ್ಲಿ ಕೂತ್ಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ, ಬೆರಳು ತೋರ್ಸ್ಬೇಡಿ. ಹೆಚ್ಚಿನ ಸಲ ಅದು ಬರೀ ಹೆದರ್ಸೋ ನಾಟಕ. ಜೊತೇಲಿ ಬಂದೂಕು ಹಿಡ್ಕೊಂಡು ಬರೋ ಗಾರ್ಡ್ ಗೊರಿಲ್ಲಾಗಲ್ಲ, ಬ್ವಿಂಡಿಯಲ್ಲಿ ಕಾಡಾನೆ ಇವೆ, ಅದಕ್ಕೆ.

ಸಣ್ಣ ನೆಗಡಿ ಇದೆ, ಹೇಳದೇ ಹೋಗ್ಬಹುದಾ?

ಬೇಡ, ಇದ್ರಲ್ಲಿ ಮಾತ್ರ ಕಳ್ಳಾಟ ಆಡ್ಬೇಡಿ. ನಮ್ಮ ಅವ್ರ ಡಿಎನ್‌ಎ ಹತ್ತತ್ರ 98 ಪರ್ಸೆಂಟ್ ಒಂದೇ, ನಮ್ಮ ಶೀತ ಅವಕ್ಕೆ ಅಂಟತ್ತೆ, ನಮಗೆ ಎರಡು ದಿನದ ಕೆಮ್ಮು ಆದ್ರೆ ಅವಕ್ಕೆ ನ್ಯುಮೋನಿಯಾ ಆಗ್ಬಹುದು. ಮಾಸ್ಕ್ ಅದಕ್ಕೇ. ಟ್ರೆಕ್‌ಗೆ ಮುಂಚೆ ಒಂದು ದಿನ ಖಾಲಿ ಇಟ್ಕೊಳ್ಳಿ, ಫ್ಲೈಟ್ ಎಸಿ ಗಾಳಿಗೆ ಗಂಟಲು ಕೆಡೋದು ಮಾಮೂಲಿ.

ಮಕ್ಕಳನ್ನ ಕರ್ಕೊಂಡೋಗ್ಬಹುದಾ?

15 ವರ್ಷ ತುಂಬಿರ್ಬೇಕು, ಪಾಸ್‌ಪೋರ್ಟ್ ನೋಡ್ತಾರೆ.

ನಾವು ಪ್ಯೂರ್ ವೆಜ್, ಊಟ?

ಯೋಚ್ನೆನೇ ಬೇಡ. ಉಗಾಂಡಾದಲ್ಲಿ ಚಪಾತಿ ಅಲ್ಲಿಯೋರದ್ದೇ ತಿಂಡಿ ಆಗೋಗಿದೆ, ರೋಡ್ ಸೈಡಲ್ಲಿ ಕಾವಲಿ ಇಟ್ಕೊಂಡು ಹಾಕ್ತಿರ್ತಾರೆ. ಇಂಡಿಯಾದಿಂದ ಹೋಗಿ ನೆಲೆಸಿದೋರ ಬಳುವಳಿ ಅದು. 1972ರಲ್ಲಿ ಇದಿ ಅಮೀನ್ ಆ ಜನರನ್ನೆಲ್ಲ ಓಡಿಸ್ದ, ಚಪಾತಿ ಅಲ್ಲೇ ಉಳ್ಕೊಂತು. ಅದಕ್ಕೆ ಮೊಟ್ಟೆ ಸುತ್ತಿ ಕೊಟ್ರೆ ರೋಲೆಕ್ಸ್ ಅಂತಾರೆ, ಮೊಟ್ಟೆ ತಿನ್ನದೋರು ಮೊದಲೇ ಹೇಳಿ. ಮಟೋಕೆ ಅಂತ ಬೇಯಿಸಿದ ಬಾಳೆಕಾಯಿ, ಹುರುಳಿಕಾಯಿ ಬೀಜದ ಪಲ್ಯ, ಕಡ್ಲೆಕಾಯಿ ಗೊಜ್ಜು ಎಲ್ಲಾ ಕಡೆ ಸಿಗತ್ತೆ. ಖಾರ ಇರಲ್ಲ, ಉಪ್ಪಿನಕಾಯಿ ಇಟ್ಕೊಳ್ಳಿ, ಚಟ್ನಿಪುಡಿನೂ.

ಬಟ್ವ ಜನರ ಡ್ಯಾನ್ಸ್ ನೋಡೋಕೆ ಕರ್ಕೊಂಡೋಗ್ತಾರಂತೆ?

ಬಟ್ವರು ಆ ಕಾಡಿನ ಮೂಲ ಜನ. 1991ರಲ್ಲಿ ಬ್ವಿಂಡಿನ ರಾಷ್ಟ್ರೀಯ ಉದ್ಯಾನ ಮಾಡಿದಾಗ ಅವ್ರನ್ನ ಹೊರಗೆ ಹಾಕಿದ್ರು, ಜಮೀನೂ ಸಿಗ್ಲಿಲ್ಲ ಹೆಚ್ಚಿನೋರಿಗೆ. ನಾಗರಹೊಳೆಯ ಜೇನುಕುರುಬರ ಹಾಡಿಗಳ ಕಥೆ ಗೊತ್ತಿರೋರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ. ನಾನು ಡ್ಯಾನ್ಸಿಗೆ ಹೋಗ್ಲಿಲ್ಲ, ಅವ್ರು ಹೆಣೆದ ಬುಟ್ಟಿ ತಗೊಂಡೆ. ಹೋಗೋದಾದ್ರೆ ದುಡ್ಡು ಯಾರ ಕೈಗೆ ಹೋಗತ್ತೆ ಅಂತ ಕೇಳಿ ಹೋಗಿ.

ವೀಸಾ, ಡಾಲರ್, ಇಂಜೆಕ್ಷನ್?

ಉಗಾಂಡಾ ವೀಸಾ ಆನ್‌ಲೈನ್, 50 ಡಾಲರ್. ಎರಡೂ ದೇಶ ಸುತ್ತೋರು ಈಸ್ಟ್ ಆಫ್ರಿಕಾ ಟೂರಿಸ್ಟ್ ವೀಸಾ ತಗೊಳ್ಳಿ, 100 ಡಾಲರ್‌ಗೆ ಕೀನ್ಯಾ, ಉಗಾಂಡಾ, ರುವಾಂಡಾ ಮೂರೂ, 90 ದಿನ. ಡಾಲರ್ ನೋಟು ಹೊಸದಿರ್ಲಿ, ಹಳೇ ಸೀರೀಸ್ ನೋಟು, ಹರಿದಿದ್ದು, ಪೆನ್ ಗೀಚಿದ್ದು ಅಂದ್ರೆ ಮೂಸಿ ನೋಡಲ್ಲ. ಮಲೇರಿಯಾ ಮಾತ್ರೆ ಡಾಕ್ಟರ್ ಹತ್ರ ಕೇಳಿ ಶುರು ಮಾಡಿ.

ಯೆಲ್ಲೋ ಫೀವರ್ ಇಂಜೆಕ್ಷನ್ ಕಡ್ಡಾಯ. ಎಲ್ಲಾ ಆಸ್ಪತ್ರೇಲಿ ಹಾಕಲ್ಲ, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ, ಮುಂಚೇನೇ ದಿನ ಗೊತ್ತು ಮಾಡ್ಕೊಂಡು ಹೋಗ್ಬೇಕು. ಹಾಕ್ಸಿ ಹತ್ತು ದಿನ ಆದ್ಮೇಲೇ ಅದು ಲೆಕ್ಕಕ್ಕೆ ಬರೋದು, ಕೊನೇ ವಾರಕ್ಕೆ ಇಟ್ಕೋಬೇಡಿ. ಇಂಜೆಕ್ಷನ್ ಹಾಕ್ಸಿದ್ದಕ್ಕೆ ಕೊಡೋ ಹಳದಿ ಕಾರ್ಡ್ ಹೋಗುವಾಗ ಎಂಟೆಬೆಯಲ್ಲಿ ಕೇಳ್ತಾರೆ, ಅದಕ್ಕಿಂತ ಮುಖ್ಯ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲಿ ಕೇಳ್ತಾರೆ, ಇಲ್ಲ ಅಂದ್ರೆ ಆರು ದಿನದ ತನಕ ಕ್ವಾರಂಟೈನ್‌ಗೆ ಹಾಕ್ಬಹುದು. ಚೆಕ್‌ಇನ್ ಸೂಟ್‌ಕೇಸಲ್ಲಿ ಹಾಕಿ ಕಳಿಸ್ಬೇಡಿ, ಪಾಸ್‌ಪೋರ್ಟ್ ಜೊತೆ ರಬ್ಬರ್ ಬ್ಯಾಂಡ್ ಹಾಕಿ ಕೈಚೀಲದಲ್ಲೇ ಇಟ್ಕೊಳ್ಳಿ.